ಮದುವೆಯಾಯಿತಲ್ಲ, ಇನ್ನೆಂಥಾ ಹಕ್ಕಿ?

ನಮ್ಮ ಪರಿಚಯದ ಹುಡುಗಿಯೊಬ್ಬಳಿದ್ದಾಳೆ. ಹೆಸರು ಬೇಡ. ಕಾಲೇಜಿನ ದಿನಗಳಲ್ಲಿ ಬೆಳಗಿನ ಜಾವ ಐದಕ್ಕೇ ಎದ್ದು, ಊರ ಕೆರೆ ಏರಿಯ ಮೇಲೆ ನಿಂತು ಹಕ್ಕಿ ಎಣಿಸುತ್ತಿದ್ದವಳು. ವಿದ್ಯಾರ್ಥಿವೇತನದ ದುಡ್ಡನ್ನು ಕೂಡಿಟ್ಟು ಒಂದು ದುರ್ಬೀನು ಕೊಂಡಿದ್ದಳು. ಈಗ ಅವಳ ಮದುವೆಯಾಗಿ ನಾಲ್ಕು ವರ್ಷ. ಈಚೆಗೆ ಅವಳ ಮನೆಗೆ ಹೋಗಿದ್ದಾಗ ಆ ದುರ್ಬೀನು ಏನಾಯಿತೆಂದು ಸುಮ್ಮನೆ ಕೇಳಿದೆವು. ಅವಳು ಬಾಯಿ ತೆರೆಯುವ ಮೊದಲೇ ಮನೆಯ ಹಿರಿಯರೊಬ್ಬರು ನಗುತ್ತಾ ಹೇಳಿದರು: “ಮದುವೆಯಾಯಿತಲ್ಲ, ಇನ್ನೆಂಥಾ ಹಕ್ಕಿ?”

ಎಲ್ಲರೂ ನಕ್ಕರು. ಅವಳೂ ನಕ್ಕಳು. ದುರ್ಬೀನು ಕಪಾಟಿನ ಮೇಲಿನ ಅಂತಸ್ತಿನಲ್ಲಿ, ಮದುವೆಯ ಸೀರೆಗಳ ಹಿಂದೆ ಇದೆಯಂತೆ.

ಆ ಮನೆಯಲ್ಲಿ ಯಾರೂ ಕೆಟ್ಟವರಲ್ಲ. ಗಂಡನಂತೂ ಸಜ್ಜನ. ತಿಂಗಳಿಗೊಮ್ಮೆ ಗೆಳೆಯರ ಜೊತೆ ಘಟ್ಟ ಹತ್ತಿ ಇಳಿದು ಬರುತ್ತಾನೆ. ಅವನ ಬೂಟುಗಳಿಗೆ ಹತ್ತಿದ ಕೆಸರನ್ನು ತೊಳೆಯುವವಳು ಇವಳು. ಹೆಂಡತಿಯನ್ನು ಯಾಕೆ ಕರೆದೊಯ್ಯುವುದಿಲ್ಲವೆಂದು ಕೇಳಿದರೆ ಅವನಿಗೆ ಪ್ರಾಮಾಣಿಕವಾಗಿ ಆಶ್ಚರ್ಯವಾಗುತ್ತದೆ. ಅದು ಅವನಿಗೆ ಹೊಳೆದೇ ಇರಲಿಲ್ಲ. ನಮ್ಮ ಜಗಳವಿರುವುದು ಈ ಹೊಳೆಯದಿರುವಿಕೆಯ ಜೊತೆಗೆ.

ಇದೇ ಸಮಾಜ ಇನ್ನೊಂದು ಕಡೆ ಏನು ಮಾಡುತ್ತಿದೆ ನೋಡಿ. ಪತ್ರಿಕೆ ತೆರೆದರೆ ಜೋಡಿಗಳಿಗೆಂದೇ ಮಾಡಿದ ‘ಸಾಹಸ ಪ್ಯಾಕೇಜು’ಗಳ ಜಾಹೀರಾತು. ಎರಡು ರಾತ್ರಿ, ಮೂರು ಹಗಲು. ಬೆಳಿಗ್ಗೆ ಜೀಪಿನಲ್ಲಿ ಬೆಟ್ಟ, ಮಧ್ಯಾಹ್ನ ಹೊಳೆಯಲ್ಲಿ ದೋಣಿ, ಸಂಜೆ ಬೆಂಕಿ ಹಾಕಿ ಹಾಡು. ಚಿಕ್ಕಮಗಳೂರು, ಮಡಿಕೇರಿ, ಸಕಲೇಶಪುರದ ರಸ್ತೆಗಳಲ್ಲಿ ಶನಿವಾರ ಬಂತೆಂದರೆ ಕಾರುಗಳ ಸಾಲು. ವರ್ಷವಿಡೀ ಹೆಣ್ಣನ್ನು ಬಾಗಿಲ ಒಳಗಿಟ್ಟು ಮೂರು ದಿನ ಬಾಡಿಗೆಯ ಬಯಲನ್ನು ತೋರಿಸಿ ತರುವ ಏರ್ಪಾಡು ಇದು. ಹಿರಿಯರು ಬಾಗಿಲು ಹಾಕುತ್ತಾರೆ, ಮಾರುಕಟ್ಟೆ ಕಿಟಕಿ ಮಾರುತ್ತದೆ. ಇಬ್ಬರಲ್ಲಿ ಯಾರಿಗೂ ಬಾಗಿಲು ತೆರೆಯುವ ಇರಾದೆಯಿಲ್ಲ.

ಗಂಡಹೆಂಡಿರು ಕೂಡಿ ಕಾಡು ಸುತ್ತುವುದು, ಕೂಡಿ ಮನೆ ಕಟ್ಟಿಕೊಳ್ಳುವುದು, ಕೂಡಿ ಗೆಳೆಯರನ್ನು ಸಂಪಾದಿಸುವುದು ಪಶ್ಚಿಮದ ಶೋಕಿ, ನಮ್ಮದಲ್ಲ ಎನ್ನುವವರಿದ್ದಾರೆ. ಅವರ ಮುಂದೆ ಒಂದು ಜೋಡಿಯನ್ನು ನಿಲ್ಲಿಸಬೇಕೆಂದಿದ್ದೇವೆ. ಸುಮಾರು ನೂರು ವರ್ಷಗಳ ಹಿಂದಿನ ಜೋಡಿ. ಮುಂಬಯಿಯ ಮುಸ್ಲಿಂ ಮನೆತನದ ಜೋಡಿ. ಗಂಡನ ಹೆಸರನ್ನು ಶಾಲೆಯ ಮಕ್ಕಳೂ ಬಲ್ಲರು. ಹೆಂಡತಿಯ ಹೆಸರು ಪಕ್ಷಿತಜ್ಞರಾಚೆ ಬಹುಮಂದಿಗೆ ಗೊತ್ತಿಲ್ಲ.

ಆತ ಸಲೀಂ ಅಲಿ. ಆಕೆ ತೆಹಮೀನಾ ಬೇಗಂ.

ಕೆಲಸ ಹೋದ ಮನೆ

ಸಲೀಂ ಅಲಿ ಹುಟ್ಟಿದ್ದು 1896ರ ನವೆಂಬರ್ 12ರಂದು. ಎಳವೆಯಲ್ಲೇ ತಂದೆತಾಯಿಗಳನ್ನು ಕಳೆದುಕೊಂಡು, ಸೋದರಮಾವ ಅಮೀರುದ್ದೀನ್ ತ್ಯಾಬ್ಜಿಯವರ ಮನೆಯಲ್ಲಿ ಬೆಳೆದ ಹುಡುಗ. ಆಟದ ಕೋವಿಯಿಂದ ಹೊಡೆದು ಕೆಡವಿದ ಗುಬ್ಬಚ್ಚಿಯ ಕತ್ತಿನಲ್ಲಿ ಹಳದಿ ಮಚ್ಚೆ ಕಂಡು, ಅದು ಯಾವ ಹಕ್ಕಿಯೆಂದು ತಿಳಿಯಲು ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಬಾಗಿಲು ತಟ್ಟಿದ ಕತೆ ನಾವೆಲ್ಲ ಪಾಠದಲ್ಲಿ ಓದಿದ್ದೇವೆ. ಆದರೆ ಪಾಠ ಸಾಮಾನ್ಯವಾಗಿ ಆ ಗುಬ್ಬಚ್ಚಿಯಿಂದ ಒಂದೇ ಜಿಗಿತಕ್ಕೆ ಪದ್ಮವಿಭೂಷಣಕ್ಕೆ ಹಾರಿಬಿಡುತ್ತದೆ. ನಡುವೆ ಒಂದು ಸಂಸಾರವಿತ್ತು ಎಂಬುದು ಪಾಠ ಬರೆಯುವವರಿಗೂ ಹೊಳೆದಿಲ್ಲ.

ಮದುವೆಯಾದದ್ದು 1918ರ ಡಿಸೆಂಬರಿನಲ್ಲಿ. ಹುಡುಗಿ ದೂರದ ಸಂಬಂಧಿ. ಹುಡುಗನಿಗೆ ದೊಡ್ಡ ಪದವಿಯಿರಲಿಲ್ಲ, ಗಟ್ಟಿಯಾದ ನೌಕರಿಯಿರಲಿಲ್ಲ. ಇದ್ದದ್ದು ಹಕ್ಕಿಯ ಹುಚ್ಚು ಮತ್ತು ಮೋಟಾರ್ ಸೈಕಲ್ಲಿನ ಹುಚ್ಚು. 1926ರಲ್ಲಿ ಮುಂಬಯಿಯ ಪ್ರಿನ್ಸ್ ಆಫ್ ವೇಲ್ಸ್ ಮ್ಯೂಸಿಯಮ್ಮಿನಲ್ಲಿ ಮಾರ್ಗದರ್ಶಿ ಉಪನ್ಯಾಸಕನ ಕೆಲಸ ಸಿಕ್ಕಿತು. ಸಂಬಳ ತಿಂಗಳಿಗೆ 350 ರೂಪಾಯಿ. ಎರಡು ವರ್ಷದಲ್ಲೇ ಬೇಸರವಾಗಿ, 1928ರಲ್ಲಿ ರಜೆ ಹಾಕಿ, ಜರ್ಮನಿಯ ಬರ್ಲಿನ್ನಿಗೆ ಹೋಗಿ ಎರ್ವಿನ್ ಸ್ಟ್ರೆಸೆಮಾನ್ ಎಂಬ ಮಹಾ ಪಕ್ಷಿಶಾಸ್ತ್ರಜ್ಞರ ಬಳಿ ಕಲಿತರು. 1930ರಲ್ಲಿ ತಿರುಗಿ ಬಂದು ನೋಡಿದರೆ ಕೆಲಸವೇ ಇಲ್ಲ. ಹಣವಿಲ್ಲವೆಂದು ಆ ಹುದ್ದೆಯನ್ನೇ ತೆಗೆದುಹಾಕಿದ್ದರು.

ನಮ್ಮ ಊರುಗಳಲ್ಲಿ ಇಂಥ ಹೊತ್ತಿಗೆ ಏನಾಗುತ್ತದೆಂದು ಓದುಗರಿಗೆ ಹೇಳಬೇಕಿಲ್ಲ. ವಿದೇಶಕ್ಕೆ ಹೋಗಿ ಹಕ್ಕಿ ಕಲಿತು ಬಂದು ಬೀದಿಗೆ ಬಿದ್ದನೆಂದು ನಾಲ್ಕು ಜನ ಆಡಿಕೊಳ್ಳುತ್ತಾರೆ. ಹೆಂಡತಿಯನ್ನು ತವರಿಗೆ ಕರೆಸಿಕೊಳ್ಳುವ ಮಾತು ಬರುತ್ತದೆ. ಗಲ್ಫಿನ ವೀಸಾ ಹುಡುಕಿಕೊಡುವ ಬಂಧುಗಳು ಬರುತ್ತಾರೆ. ಈ ಇಬ್ಬರು ಮಾಡಿದ್ದೇನು? ಮುಂಬಯಿಯ ಖರ್ಚು ಬಿಟ್ಟು, ಸಮುದ್ರದಾಚೆಯ ಕಿಹೀಂ ಎಂಬ ಸಣ್ಣ ಹಳ್ಳಿಗೆ ಹೋಗಿ ನೆಲೆಸಿದರು. ಅಲಿಬಾಗಿನ ಹತ್ತಿರದ ಕರಾವಳಿಯ ಊರು ಅದು.

ಆ ನಿರುದ್ಯೋಗದ ದಿನಗಳಲ್ಲಿ, ಆ ಮನೆಯ ಆಸುಪಾಸಿನಲ್ಲಿ, ಗೀಜಗನ ಹಕ್ಕಿಗಳು ಗೂಡು ಕಟ್ಟುತ್ತಿದ್ದವು.

ಗೀಜಗನ ಗೂಡು ಹೇಳಿದ ಮಾತು

ಗೀಜಗನ ಗೂಡನ್ನು ನೋಡದ ಕನ್ನಡಿಗರಿಲ್ಲ. ಈಚಲ ಮರದಲ್ಲೋ ಬಾವಿಯ ಮೇಲೆ ಬಾಗಿದ ಜಾಲಿಯಲ್ಲೋ ತೂಗಾಡುವ ಹುಲ್ಲಿನ ಸೋರೆಬುರುಡೆ. ಅದನ್ನು ಶತಮಾನಗಳಿಂದ ಮೆಚ್ಚುತ್ತಾ ಬಂದ ನಾಡಿನಲ್ಲಿ, ಕೂತು ದಿನಗಟ್ಟಲೆ ನೋಡಿದವರು ಕಡಿಮೆ. ಸಲೀಂ ಅಲಿ ಏಣಿಯ ಮೇಲೆ ಮರೆ ಕಟ್ಟಿಕೊಂಡು ನೋಡಿದರು. ಕಂಡದ್ದು ಇದು.

ಗಂಡು ಹಕ್ಕಿ ಹುಲ್ಲಿನ ಎಳೆ ಸೀಳಿ ತಂದು ನೇಯುತ್ತದೆ. ಆದರೆ ಪೂರ್ತಿ ಕಟ್ಟುವುದಿಲ್ಲ. ಗೂಡು ಅರ್ಧವಾದಾಗ ನಿಲ್ಲಿಸಿ, ರೆಕ್ಕೆ ಬಡಿದು ಹೆಣ್ಣುಗಳನ್ನು ಕರೆಯುತ್ತದೆ. ಹೆಣ್ಣು ಬಂದು ಪರೀಕ್ಷೆ ಮಾಡುತ್ತದೆ, ಒಳಹೊಕ್ಕು ನೋಡುತ್ತದೆ. ಒಪ್ಪಿದರೆ ಉಂಟು, ಇಲ್ಲದಿದ್ದರೆ ಇಲ್ಲ. ಒಪ್ಪಿಗೆ ಸಿಕ್ಕ ಮೇಲೆಯೇ ಗಂಡು ಉಳಿದರ್ಧವನ್ನು ಕಟ್ಟಿ ಮುಗಿಸುವುದು. ಹೆಣ್ಣು ತಳ್ಳಿದ ಅರೆಗೂಡುಗಳು ಹಾಗೆಯೇ ತೂಗುತ್ತಾ ಒಣಗಿ ಹೋಗುತ್ತವೆ.

ಹಕ್ಕಿಯಿಂದ ಮನುಷ್ಯರು ನೀತಿಪಾಠ ಕಲಿಯಬೇಕೆಂಬ ವಾದ ನಮ್ಮದಲ್ಲ. ಯಾಕೆಂದರೆ ಕತೆ ಅಲ್ಲಿಗೆ ಮುಗಿಯುವುದಿಲ್ಲ. ಒಬ್ಬಳನ್ನು ಗೂಡಿನಲ್ಲಿ ಕೂರಿಸಿದ ಗಂಡು ಗೀಜಗ ಪಕ್ಕದ ಕೊಂಬೆಯಲ್ಲಿ ಇನ್ನೊಂದು ಗೂಡಿಗೆ ಕೈ ಹಾಕುತ್ತದೆ, ಇನ್ನೊಬ್ಬಳನ್ನು ಕರೆಯುತ್ತದೆ. ಸಲೀಂ ಅಲಿಯವರ ಮುಖ್ಯ ಶೋಧವೇ ಅದು. ಆದ್ದರಿಂದ ಉಪದೇಶಕರು ಗೀಜಗನನ್ನು ಅದರ ಪಾಡಿಗೆ ಬಿಡುವುದು ಒಳ್ಳೆಯದು. ಆದರೂ ಒಂದು ಮಾತು ಕೇಳಬೇಕೆನಿಸುತ್ತದೆ. ಹಕ್ಕಿಯ ಗೂಡಿನ ವಿಷಯದಲ್ಲೂ ಹೆಣ್ಣಿನ ಒಪ್ಪಿಗೆ ನಡುದಾರಿಯಲ್ಲೇ ಬೇಕು, ಕಟ್ಟಿ ಮುಗಿದ ಮೇಲಲ್ಲ. ನಾವು? ಸಾಲ ಮಾಡಿ, ಮೂರು ಮಹಡಿ ಏರಿಸಿ, ಮಾರ್ಬಲ್ ಹಾಸಿ, ಗೃಹಪ್ರವೇಶದ ದಿನ ಹೆಂಡತಿಯ ಕೈಗೆ ಅಡುಗೆಮನೆಯ ಬೀಗ ಕೊಡುತ್ತೇವೆ. ಅದರ ಗೋಡೆ ಎಲ್ಲಿರಬೇಕು, ಕಿಟಕಿ ಯಾವ ಕಡೆಗೆ ತೆರೆಯಬೇಕು, ಹಿತ್ತಿಲಲ್ಲಿ ಮರ ಇರಬೇಕೋ ಕಾರು ಇರಬೇಕೋ ಎಂದು ಅವಳನ್ನು ಕೇಳಿದವರೆಷ್ಟು ಮಂದಿ?

ಕಿಹೀಮಿನ ಮನೆ ದೊಡ್ಡದಾಗಿದ್ದುದರಿಂದ ನೆನಪಿನಲ್ಲಿ ಉಳಿದಿಲ್ಲ. ಅದರ ಸುತ್ತಲಿನ ಮರಗಳನ್ನೂ ಮನೆಯ ಭಾಗವೆಂದು ತಿಳಿದವರು ಅಲ್ಲಿ ವಾಸವಾಗಿದ್ದರು ಎಂಬುದಕ್ಕಾಗಿ ಉಳಿದಿದೆ. ನಮ್ಮ ಈಗಿನ ಮನೆಗಳಿಂದ ಹೊರಗೆ ಕಾಣುವುದು ಪಕ್ಕದ ಮನೆಯ ಗೋಡೆ ಮಾತ್ರ.

ಸಂಬಳವಿಲ್ಲದ ಸಮೀಕ್ಷೆ

ಕೆಲಸ ಕಳೆದುಕೊಂಡ ಸಲೀಂ ಅಲಿ ಒಂದು ವಿಚಿತ್ರ ಪ್ರಸ್ತಾಪವಿಟ್ಟರು. ದೇಶೀ ಸಂಸ್ಥಾನಗಳಲ್ಲಿ ಹಕ್ಕಿಗಳ ಕ್ರಮಬದ್ಧ ಸಮೀಕ್ಷೆ ಆಗಿಲ್ಲ. ಓಡಾಟದ, ಬಿಡಾರದ ಖರ್ಚನ್ನು ಸಂಸ್ಥಾನ ಕೊಡಲಿ. ತನ್ನ ದುಡಿಮೆಗೆ ಸಂಬಳ ಬೇಡ. ಹೀಗೆ ಮೂವತ್ತರ ದಶಕದ ಮೊದಲಲ್ಲಿ ಹೈದರಾಬಾದ್ ಸಂಸ್ಥಾನದ ಸಮೀಕ್ಷೆ ನಡೆಯಿತು. ನಮ್ಮ ಬೀದರ್, ಕಲಬುರಗಿ, ರಾಯಚೂರುಗಳು ಆಗ ಸೇರಿದ್ದುದು ಆ ಸಂಸ್ಥಾನಕ್ಕೇ. ನಂತರ ತಿರುವಾಂಕೂರು ಮತ್ತು ಕೊಚ್ಚಿ. ಮುಂದೆ ಗ್ವಾಲಿಯರ್, ಇಂದೂರು, ಭೋಪಾಲ.

ಈ ಮೊದಲ ಸಮೀಕ್ಷೆಗಳಲ್ಲಿ ಜೊತೆಗಿದ್ದವರು ತೆಹಮೀನಾ. ಡೇರೆಯಲ್ಲಿ ವಾಸ. ಇವತ್ತು ಇಲ್ಲಿ, ನಾಲ್ಕು ದಿನದ ಮೇಲೆ ಇನ್ನೊಂದು ಕಾಡಿನ ಅಂಚಿನಲ್ಲಿ. ಸೊಳ್ಳೆಗಳ ಸೀಮೆ, ಮಲೇರಿಯಾ ಮನೆಮನೆಯ ಮಾತಾಗಿದ್ದ ಕಾಲ. ಬಿಡಾರವೆಂಬುದು ತಾನಾಗಿ ನಡೆಯುವುದಿಲ್ಲ. ಊಟ, ನೀರು, ಔಷಧಿ, ಆಳುಗಳ ಲೆಕ್ಕ, ಸಾಮಾನು ಕಟ್ಟುವುದು ಬಿಚ್ಚುವುದು ಎಲ್ಲವೂ ಅದರೊಳಗೇ ಬರುತ್ತದೆ. ಅದು ನಡೆದರೆ ಮಾತ್ರ ವಿಜ್ಞಾನಿ ಬೆಳಿಗ್ಗೆ ದುರ್ಬೀನು ಹಿಡಿದು ಹೊರಡುತ್ತಾನೆ. ಶೋಧದ ವರದಿಯಲ್ಲಿ ಹಕ್ಕಿಯ ರೆಕ್ಕೆಯ ಅಳತೆ ಮಿಲಿಮೀಟರಿನ ಲೆಕ್ಕದಲ್ಲಿ ಬರುತ್ತದೆ. ಬಿಡಾರ ನಡೆಸಿದವಳ ಲೆಕ್ಕ ಬರುವುದಿಲ್ಲ.

ಆದರೆ ಈ ಕತೆಯಲ್ಲಿ ಒಂದು ಕಡೆ ಬಂದಿದೆ. ಅದನ್ನು ಹೇಳುವುದಕ್ಕೇ ಇಷ್ಟು ಬರೆದೆವು.

ನಮ್ಮ ತೋಟಗಳಲ್ಲಿ ತೆಂಗಿನ ಮರದ ಕಾಂಡಕ್ಕೆ ಅಂಟಿಕೊಂಡು ಕುಟುಕುವ, ಕೆಂಪು ಜುಟ್ಟಿನ, ಹೊನ್ನಿನ ಬಣ್ಣದ ಬೆನ್ನಿನ ಮರಕುಟಿಗವನ್ನು ನೀವು ನೋಡಿರುತ್ತೀರಿ. ಅದರ ಬಳಗದಲ್ಲಿ ದಕ್ಷಿಣದ ಪಶ್ಚಿಮಘಟ್ಟಕ್ಕೆ ಸೇರಿದ ಒಂದು ಉಪಜಾತಿಯಿದೆ. ಬೆನ್ನು ಉಳಿದವಕ್ಕಿಂತ ಹಸಿರು ಮಿಶ್ರಿತ, ಕಪ್ಪು ಗಂಟಲಿನಲ್ಲಿ ಸಣ್ಣ ಸಣ್ಣ ಚುಕ್ಕಿ, ರೆಕ್ಕೆಯ ಚುಕ್ಕಿಗಳು ಅಸ್ಪಷ್ಟ. ಹ್ಯೂ ವಿಸ್ಲರ್ ಮತ್ತು ಕಿನ್ನಿಯರ್ ಎಂಬ ಇಬ್ಬರು ಬ್ರಿಟಿಷ್ ವಿದ್ವಾಂಸರು 1934ರಲ್ಲಿ ಅದನ್ನು ಬೇರೆಯೆಂದು ಗುರುತಿಸಿ ಹೆಸರಿಟ್ಟರು: ಡೈನೋಪಿಯಂ ಬೆಂಗಾಲೆನ್ಸ್ ತೆಹಮೀನೆ. ತೆಹಮೀನಾರ ಮರಕುಟಿಗ.

ಮುಂದೆ ಸಲೀಂ ಅಲಿಯ ಹೆಸರು ಒಂದು ಬಾವಲಿಗೆ ಬಂತು, 2016ರಲ್ಲಿ ಹಿಮಾಲಯದ ಒಂದು ಹಾಡುಹಕ್ಕಿಗೂ ಬಂತು. ಅವರ ಹೆಸರಿನಲ್ಲಿ ಸಂಸ್ಥೆಗಳಿವೆ, ಪಕ್ಷಿಧಾಮಗಳಿವೆ. ತೆಹಮೀನಾಗೆ ಉಳಿದದ್ದು ಈ ಮರಕುಟಿಗ. ಕಡಿಮೆಯೆನ್ನಬೇಡಿ. ಡೇರೆಯಲ್ಲಿದ್ದ ಹೆಂಗಸು ‘ಜೊತೆಗೆ ಬಂದವಳು’ ಮಾತ್ರವಾಗಿದ್ದರೆ, ದೂರದ ಇಂಗ್ಲೆಂಡಿನಲ್ಲಿ ಕೂತು ಚರ್ಮಗಳನ್ನು ಹೋಲಿಸುತ್ತಿದ್ದವರಿಗೆ ಆಕೆಯ ಹೆಸರು ನೆನಪಾಗುತ್ತಿತ್ತೆ?

ಜಗಳದಿಂದ ಹುಟ್ಟಿದ ಗೆಳೆತನ

ವಿಸ್ಲರ್ ಹೆಸರು ಬಂತಲ್ಲ, ಗೆಳೆತನದ ಮಾತನ್ನೂ ಹೇಳಿಬಿಡೋಣ. ವಿಸ್ಲರ್ ಭಾರತದಲ್ಲಿ ಪೊಲೀಸ್ ಅಧಿಕಾರಿಯಾಗಿದ್ದ ಇಂಗ್ಲಿಷರು, ಹಕ್ಕಿಗಳ ಬಗ್ಗೆ ಅಧಿಕಾರವಾಣಿಯೆಂದು ಹೆಸರಾದವರು. ಕಾಜಾಣದ ಬಳಗದ ಒಂದು ಹಕ್ಕಿಯ ಬಾಲದ ಗರಿಯ ವಿಷಯದಲ್ಲಿ ಅವರ ಬರಹ ತಪ್ಪೆಂದು ಸಲೀಂ ಅಲಿ ತೋರಿಸಿದರು. ಹೆಸರೇ ಕೇಳದ ಭಾರತೀಯನೊಬ್ಬ ತನ್ನ ತಪ್ಪು ಹಿಡಿಯುವುದೇ ಎಂದು ವಿಸ್ಲರ್ ಸಿಟ್ಟಾಗಿ ಸಂಪಾದಕರಿಗೆ ಪತ್ರ ಬರೆದರು. ಆಮೇಲೆ ತಮ್ಮಲ್ಲಿದ್ದ ಮಾದರಿಗಳನ್ನು ತೆಗೆದು ಮತ್ತೆ ನೋಡಿದರು. ಸಲೀಂ ಅಲಿ ಹೇಳಿದ್ದೇ ಸರಿ. ಒಪ್ಪಿಕೊಂಡರು. ಅಲ್ಲಿಂದ ಅವರು ಆಪ್ತರಾದರು. ಸಮೀಕ್ಷೆಗಳ ಹಕ್ಕಿಗಳನ್ನು ಗುರುತಿಸಿಕೊಟ್ಟವರೂ ಅವರೇ.

ಇನ್ನೊಬ್ಬ ಇಂಗ್ಲಿಷ್ ಮಿತ್ರ ಕರ್ನಲ್ ಮೈನರ್ಟ್‌ಜ಼್‌ಹೇಗನ್. 1937ರಲ್ಲಿ ಅಫ್ಘಾನಿಸ್ತಾನಕ್ಕೆ ಒಟ್ಟಿಗೆ ಹೋದವರು. ಆತ ತನ್ನ ದಿನಚರಿಯಲ್ಲಿ ಸಲೀಂ ಅಲಿಯ ಬಗ್ಗೆ, ಭಾರತೀಯರ ಬಗ್ಗೆ ಕೀಳಾಗಿ ಬರೆದಿದ್ದ. ಸಲೀಂ ಅಲಿ ಅದನ್ನು ಮುಚ್ಚಿಡಲಿಲ್ಲ, ಕತ್ತಿ ಹಿರಿಯಲೂ ಇಲ್ಲ. 1985ರಲ್ಲಿ ಬಂದ ತಮ್ಮ ಆತ್ಮಕತೆಯಲ್ಲಿ ಆ ಮಾತುಗಳನ್ನು ಹಾಗೆಯೇ ಎತ್ತಿ ಕೊಟ್ಟರು. ನೀಲಗಿರಿಯ ಕೋಟಗಿರಿಯ ನಿವೃತ್ತ ವೈದ್ಯರು, ನಮ್ಮ ಬಿಳಿಗಿರಿರಂಗನ ಬೆಟ್ಟದಲ್ಲಿ ಕಾಫಿ ಬೆಳೆಯುತ್ತಿದ್ದ ಆರ್.ಸಿ. ಮೋರಿಸ್, ನಂತರದ ವರ್ಷಗಳಲ್ಲಿ ಸಿಂಗಪುರದ ಸಿನಿಮಾ ಧಣಿ ಲೋಕ್ ವಾನ್ ಥೋ, ಹೀಗೆ ಧರ್ಮ, ಬಣ್ಣ, ದೇಶಗಳ ಲೆಕ್ಕವಿಲ್ಲದ ಬಳಗವದು. ಹಕ್ಕಿ ನೋಡುವವನಿಗೆ ಪಕ್ಕದಲ್ಲಿ ನಿಂತು ನೋಡುವವನ ಜಾತಿ ಕೇಳಲು ಪುರುಸೊತ್ತಿಲ್ಲ.

ಇದನ್ನು ಯಾಕೆ ಹೇಳುತ್ತಿದ್ದೇವೆಂದರೆ, ಇಂದು ನಮ್ಮ ಊರುಗಳಲ್ಲಿ ಗೆಳೆತನವೇ ಅಪಾಯದ ಕೆಲಸವಾಗಿದೆ. ಕರಾವಳಿಯಲ್ಲಿ ಬೇರೆ ಬೇರೆ ಧರ್ಮದ ಹುಡುಗ ಹುಡುಗಿಯರು ಒಟ್ಟಿಗೆ ಜಲಪಾತ ನೋಡಲು ಹೋದರೆ ದಾರಿಯಲ್ಲಿ ವಾಹನ ತಡೆದು ಹೆಸರು ಕೇಳುವವರಿದ್ದಾರೆ. 2009ರ ಜನವರಿಯಲ್ಲಿ ಮಂಗಳೂರಿನ ಪಬ್ಬಿನಲ್ಲಿ, 2012ರ ಜುಲೈಯಲ್ಲಿ ಅದೇ ಊರಿನ ಹೋಂಸ್ಟೇಯಲ್ಲಿ ಹೆಣ್ಣುಮಕ್ಕಳ ಮೇಲೆ ಕೈ ಮಾಡಿದ್ದನ್ನು ನಾಡೇ ಟಿವಿಯಲ್ಲಿ ನೋಡಿತು. ಅದನ್ನು ಖಂಡಿಸಿ ನಾವು ಬರೆದೆವು, ಬರೆಯಬೇಕಾದ್ದೇ. ಆದರೆ ನಮ್ಮ ನಮ್ಮ ಮೊಹಲ್ಲಾಗಳಲ್ಲಿ ಹುಡುಗಿಯೊಬ್ಬಳು ಸಹಪಾಠಿಗಳ ಜೊತೆ ಬಸ್ಸು ನಿಲ್ದಾಣದಲ್ಲಿ ನಿಂತ ಫೋಟೊವನ್ನು ಮೊಬೈಲಿನಿಂದ ಮೊಬೈಲಿಗೆ ಕಳಿಸಿ ಅವಳ ಓದು ನಿಲ್ಲಿಸುವವರನ್ನು ಏನೆಂದು ಕರೆಯೋಣ? ಅವರ ಕೈಯಲ್ಲಿ ದೊಣ್ಣೆಯಿಲ್ಲ ಎಂಬುದೊಂದೇ ವ್ಯತ್ಯಾಸ. ಎರಡೂ ಕಡೆಯ ಕಾವಲುಗಾರರು ಪರಸ್ಪರ ಶತ್ರುಗಳೆಂದು ಹೇಳಿಕೊಳ್ಳುತ್ತಾರೆ. ಹೆಣ್ಣು ಹೊರಗೆ ಹೆಜ್ಜೆ ಇಟ್ಟ ವಿಷಯ ಬಂದಾಗ ಮಾತ್ರ ಇಬ್ಬರದೂ ಒಂದೇ ಭಾಷೆ.

ಮೂರು ಆಕ್ಷೇಪಗಳು

ಇಷ್ಟು ಹೇಳಿದ ಮೇಲೆ ಆಕ್ಷೇಪಗಳು ಬಂದೇ ಬರುತ್ತವೆ. ಬರಲಿ.

ಮೊದಲನೆಯದು: ಅವರು ತ್ಯಾಬ್ಜಿಗಳ ಬಳಗದವರು, ಓದಿದವರು, ಉಳ್ಳವರು, ಕೂಲಿ ಮಾಡುವವನಿಗೆ, ಬೀಡಿ ಕಟ್ಟುವವಳಿಗೆ ಈ ಕತೆ ಯಾಕೆ? ಇದರಲ್ಲಿ ಸತ್ಯಾಂಶವಿದೆ. ನಿರುದ್ಯೋಗದಲ್ಲೂ ಸಮುದ್ರ ತೀರದ ಹಳ್ಳಿಗೆ ಹೋಗಿ ನೆಲೆಸಲು ಬಂಧುಬಳಗದ ಆಸರೆ ಬೇಕು. ಅದನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಒಂದನ್ನು ಗಮನಿಸಿ. ಬೀಡಿ ಕಟ್ಟುವವಳು, ಸೊಪ್ಪು ತರುವವಳು, ಕಪ್ಪೆಚಿಪ್ಪು ಹೆಕ್ಕುವವಳು ಹೊರಗೆ ಹೋಗಲು ಯಾರ ಅಪ್ಪಣೆಯನ್ನೂ ಕೇಳುವುದಿಲ್ಲ. ಹೊಟ್ಟೆ ಅವಳನ್ನು ಹೊರಗೆ ಕಳಿಸುತ್ತದೆ. ಬಾಗಿಲು ಭದ್ರವಾಗುವುದು ನಾಲ್ಕು ಕಾಸು ಬಂದ ಮೇಲೆ. ಗಲ್ಫಿನ ದುಡ್ಡು ಬಂದು ಮನೆಗೆ ಕಾಂಪೌಂಡು ಎದ್ದ ಮೇಲೆ, ನೌಕರಿ ಖಾಯಂ ಆಗಿ ಕಾರು ಬಂದ ಮೇಲೆ. ಆದ್ದರಿಂದ ಈ ಲೇಖನ ಬರೆದಿರುವುದು ಕೂಲಿಯವಳಿಗಲ್ಲ, ಕಾಂಪೌಂಡು ಕಟ್ಟಿಕೊಂಡ ನಮಗೆ.

ಎರಡನೆಯದು: ಸಲೀಂ ಅಲಿ ಹಕ್ಕಿಗಳನ್ನು ಕೋವಿಯಿಂದ ಹೊಡೆದು ಚರ್ಮ ಸುಲಿದವರಲ್ಲವೇ, ಅವರೆಂಥ ಆದರ್ಶ? ನಿಜ. ಆ ಕಾಲದ ಪಕ್ಷಿಶಾಸ್ತ್ರ ಕೋವಿಯಿಂದಲೇ ನಡೆಯುತ್ತಿತ್ತು. ಆ ಸಂಗ್ರಹಗಳಿಲ್ಲದೆ ಯಾವ ಹಕ್ಕಿ ಎಲ್ಲಿತ್ತೆಂದು ಇಂದು ಹೇಳುವ ಆಧಾರವೂ ಇರುತ್ತಿರಲಿಲ್ಲ. ಹಾಗೆಂದು ಇವತ್ತು ಯಾರೂ ಕೋವಿ ಎತ್ತಬೇಕಿಲ್ಲ. ಕಣ್ಣು ಸಾಕು. ನಾವು ಅವರಿಂದ ತೆಗೆದುಕೊಳ್ಳಬೇಕಾದ್ದು ಆ ಸಂಸಾರದ ಬಗೆಯನ್ನು.

ಮೂರನೆಯದು, ಮತ್ತು ಇದೇ ಗಟ್ಟಿಯಾದದ್ದು: ತೆಹಮೀನಾ ಹೋದದ್ದು ಗಂಡನ ಹುಚ್ಚಿನ ಹಿಂದೆ ತಾನೆ? ಅವಳದೇ ಆದ ಹುಚ್ಚು ಯಾವುದಿತ್ತು? ಡೇರೆಯೊಳಗಿನ ಅಡುಗೆಮನೆಯೂ ಅಡುಗೆಮನೆಯೇ ಅಲ್ಲವೇ?

ಈ ಪ್ರಶ್ನೆಯನ್ನು ತಳ್ಳಿಹಾಕುವುದು ಸುಲಭವಲ್ಲ. ಆಕೆಯನ್ನು ನಾವು ಕಾಣುವುದು ಬಹುಮಟ್ಟಿಗೆ ಗಂಡನ ನೆನಪಿನ ಕಿಟಕಿಯಿಂದಲೇ. ಆಕೆಗೆ ಬೇಸರವಾದ ದಿನ ಯಾವುದು, ಜಗಳ ಯಾವುದಕ್ಕೆ, ಮರಳಿ ಪಟ್ಟಣ ಸೇರೋಣವೆನಿಸಿದ್ದು ಯಾವಾಗ ಎಂಬುದನ್ನು ಆಕೆಯ ಬಾಯಿಂದಲೇ ಕೇಳಬೇಕಿತ್ತು. ಗಂಡಸಿನ ಸಾಹಸಕ್ಕೆ ಹೆಂಡತಿ ಹಿನ್ನೆಲೆ ಸಂಗೀತವಾದರೆ ಅದನ್ನು ನಾವು ಸಹಬಾಳ್ವೆಯೆಂದು ಹೊಗಳಲಾರೆವು. ಆದರೆ ಈ ಆಕ್ಷೇಪದಿಂದ ನಮ್ಮ ವಾದ ಬೀಳುವುದಿಲ್ಲ, ಇನ್ನೊಂದು ಹೆಜ್ಜೆ ಮುಂದೆ ಹೋಗುತ್ತದೆ. ಹೆಣ್ಣು ಡೇರೆಗೆ ಬಂದರಷ್ಟೇ ಸಾಲದು, ದುರ್ಬೀನೂ ಲೇಖನಿಯೂ ಅವಳ ಕೈಗೆ ಬರಬೇಕು.

ನಮ್ಮ ಕನ್ನಡದಲ್ಲೇ ಅದಕ್ಕೊಂದು ಉದಾಹರಣೆ ಇದೆ. ಪೂರ್ಣಚಂದ್ರ ತೇಜಸ್ವಿ ಮತ್ತು ರಾಜೇಶ್ವರಿಯವರು 1966ರಲ್ಲಿ ಮಂತ್ರಮಾಂಗಲ್ಯದ ಸರಳ ರೀತಿಯಲ್ಲಿ ಮದುವೆಯಾಗಿ ಮೂಡಿಗೆರೆಯ ಕಾಫಿ ತೋಟದಲ್ಲಿ ಸಂಸಾರ ಹೂಡಿದರು. ಮೀನು ಹಿಡಿಯುವುದು, ಹಕ್ಕಿಯ ಚಿತ್ರ ತೆಗೆಯುವುದು, ಕೆಟ್ಟ ಯಂತ್ರವನ್ನು ತಾವೇ ಬಿಚ್ಚಿ ಜೋಡಿಸುವುದು, ಹೊತ್ತಲ್ಲದ ಹೊತ್ತಿನಲ್ಲಿ ಬರುವ ಗೆಳೆಯರಿಗೆ ಅನ್ನವಿಕ್ಕುವುದು ಆ ಮನೆಯ ಬದುಕು. ಅದನ್ನು ತೇಜಸ್ವಿಯವರ ಬರಹದಿಂದ ಅರ್ಧ ತಿಳಿದೆವು. ಉಳಿದರ್ಧ ತಿಳಿದದ್ದು, 2007ರಲ್ಲಿ ಅವರು ತೀರಿಕೊಂಡ ಮೇಲೆ ರಾಜೇಶ್ವರಿಯವರು ‘ನನ್ನ ತೇಜಸ್ವಿ’ ಬರೆದಾಗ. 2021ರಲ್ಲಿ ಅವರೂ ಹೋದರು. ಆದರೆ ಆ ಮನೆಯ ಒಳಗಿನಿಂದ ಹೆಣ್ಣಿನ ಕಣ್ಣಿಗೆ ಕಾಡು ಹೇಗೆ ಕಂಡಿತೆಂಬ ಸಾಕ್ಷಿ ನಮ್ಮಲ್ಲಿ ಉಳಿದಿದೆ. ತೆಹಮೀನಾಗೆ ಆ ಅವಕಾಶ ಒದಗಲಿಲ್ಲ.

ಒಂಟಿಯಾಗಿ ಮೈಸೂರಿಗೆ

1939ರಲ್ಲಿ, ಒಂದು ಸಣ್ಣ ಶಸ್ತ್ರಚಿಕಿತ್ಸೆಯ ನಂತರ ತೆಹಮೀನಾ ತೀರಿಕೊಂಡರು. ಮದುವೆಯಾಗಿ ಇಪ್ಪತ್ತು ವರ್ಷ ಕಳೆದಿತ್ತಷ್ಟೆ. ಸಲೀಂ ಅಲಿ ಕುಸಿದುಹೋದರು. ಮನೆ ನಡೆಸುವ ಮನಸ್ಸಾಗದೆ ಅಕ್ಕ ಕಮೂ ಮತ್ತು ಭಾವನ ಮನೆ ಸೇರಿದರು. ಮತ್ತೆ ಮದುವೆಯಾಗಲಿಲ್ಲ. ಇನ್ನೂ ನಾಲ್ವತ್ತೆಂಟು ವರ್ಷ ಬದುಕಿ 1987ರಲ್ಲಿ ತೀರಿಕೊಂಡರು.

ಆ ಸಾವಿನ ನೆರಳಿನಲ್ಲೇ ಅವರು ನಮ್ಮ ಮೈಸೂರು ಸಂಸ್ಥಾನದ ಸಮೀಕ್ಷೆಗೆ ಬಂದದ್ದು. ಇಲ್ಲಿನ ಕಾಡುಗಳಲ್ಲಿ ಡೇರೆ ಹಾಕಿದಾಗ ಜೊತೆಗೆ ತೆಹಮೀನಾ ಇರಲಿಲ್ಲ. ಶ್ರೀರಂಗಪಟ್ಟಣದ ಬಳಿ ಕಾವೇರಿಯ ನಡುಗಡ್ಡೆಗಳಲ್ಲಿ ಸಾವಿರಾರು ನೀರುಹಕ್ಕಿಗಳು ಗೂಡು ಕಟ್ಟುವುದನ್ನು ಕಂಡು, ಅದನ್ನು ಕಾಪಾಡಬೇಕೆಂದು ಒಡೆಯರ ಮನವೊಲಿಸಿದರು. 1940ರಲ್ಲಿ ರಂಗನತಿಟ್ಟು ಪಕ್ಷಿಧಾಮವಾಯಿತು. 2022ರಲ್ಲಿ ಅದು ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶಗಳ ರಾಮ್ಸಾರ್ ಪಟ್ಟಿಗೂ ಸೇರಿತು. ದೋಣಿಯಲ್ಲಿ ಕೂತು ಕೊಕ್ಕರೆಗಳ ಫೋಟೊ ತೆಗೆಯುವ ನಾವು, ಹೆಂಡತಿಯನ್ನು ಕಳೆದುಕೊಂಡ ನಡುವಯಸ್ಸಿನ ಮನುಷ್ಯನೊಬ್ಬ ಅದೇ ನೀರಿನ ಅಂಚಿನಲ್ಲಿ ನಿಂತಿದ್ದನೆಂದು ಒಮ್ಮೆ ನೆನೆಯಬಹುದು.

ಕೆಲಸ ನಿಲ್ಲಲಿಲ್ಲ, ನಿಜ. 1941ರಲ್ಲಿ ಭಾರತದ ಹಕ್ಕಿಗಳ ಪುಸ್ತಕ ಬಂತು. 1950ರಲ್ಲಿ, ಐವತ್ತು ದಾಟಿದ ಮನುಷ್ಯ, ಸ್ವೀಡನ್ನಿನ ಪಕ್ಷಿಶಾಸ್ತ್ರ ಸಮ್ಮೇಳನಕ್ಕೆಂದು ಸನ್‌ಬೀಮ್ ಮೋಟಾರ್ ಸೈಕಲ್ಲನ್ನು ಜೊತೆಗೊಯ್ದು ಯುರೋಪಿನ ರಸ್ತೆಗಳಲ್ಲಿ ಓಡಿಸಿದರು. 1968ರಿಂದ 1974ರವರೆಗೆ ಅಮೆರಿಕದ ಡಿಲನ್ ರಿಪ್ಲಿಯವರೊಡನೆ ಹತ್ತು ಸಂಪುಟಗಳ ಕೈಪಿಡಿ. ಆದರೆ ಆ ಬಾಳಿನ ಅಡಿಪಾಯದ ಕಲ್ಲುಗಳನ್ನು ಎಣಿಸುವಾಗ 1930ರಿಂದ 1939ರವರೆಗಿನ ದಶಕವನ್ನು, ಆ ಡೇರೆಗಳನ್ನು ಬಿಟ್ಟು ಎಣಿಸಲಾಗದು. ನಿರುದ್ಯೋಗಿ ಗಂಡನಿಗೆ ಮರ್ಯಾದೆಯ ನೌಕರಿ ಹಿಡಿಯೆಂದು ಆಕೆ ಪಟ್ಟು ಹಿಡಿದಿದ್ದರೆ, ನಮಗೆ ಸಲೀಂ ಅಲಿಯೆಂಬ ಒಬ್ಬ ಗುಮಾಸ್ತ ಸಿಗುತ್ತಿದ್ದ.

ನಾವು ಕೇಳುವುದಿಷ್ಟೆ

ಬೆಟ್ಟ ಹತ್ತುವುದು ಕಡ್ಡಾಯವೆಂದು ನಾವು ಫರ್ಮಾನು ಹೊರಡಿಸುತ್ತಿಲ್ಲ. ಮನೆಯಲ್ಲೇ ನೆಮ್ಮದಿಯಾಗಿರುವವರನ್ನು ಎಳೆದು ತರಬೇಕೆಂದೂ ಅಲ್ಲ. ಕೇಳುವುದು ಸಣ್ಣದು. ಹೆಣ್ಣು ನೋಡಲು ಹೋದಾಗ ಅಡುಗೆ ಬರುತ್ತದೆಯೇ, ಎಷ್ಟು ಓದಿದ್ದಾಳೆ, ಎಷ್ಟು ಕೊಡುತ್ತೀರಿ ಎಂದು ಕೇಳುವ ನಾಲಿಗೆಗಳು, ನಿನಗೆ ಏನು ಇಷ್ಟ, ಮದುವೆಯಾದ ಮೇಲೆ ಯಾವುದನ್ನು ಬಿಡಲಾರೆ ಎಂದೂ ಒಮ್ಮೆ ಕೇಳಲಿ. ಕೇಳಿ, ನೆನಪಿಟ್ಟುಕೊಳ್ಳಲಿ. ಗೆಳೆಯರ ಜೊತೆ ಘಟ್ಟಕ್ಕೆ ಹೊರಡುವ ಗಂಡ, ಬೂಟು ಹಾಕಿಕೊಳ್ಳುವ ಮೊದಲು ಪಕ್ಕಕ್ಕೆ ತಿರುಗಿ “ನೀನೂ ಬರುತ್ತೀಯಾ?” ಎನ್ನಲಿ. ಅವಳು ಒಲ್ಲೆನೆಂದರೆ ಅದು ಅವಳ ಇಷ್ಟ. ಕೇಳದೇ ಇರುವುದು ಮಾತ್ರ ಅನ್ಯಾಯ. ವಾರಕ್ಕೊಂದು ಬೆಳಿಗ್ಗೆ ಮನೆಯ ಒಲೆಯನ್ನು ಗಂಡಸರು ಹಚ್ಚಲಿ, ಹಿರಿಯ ಹೆಂಗಸರೂ ಕೆರೆ ಏರಿಗೆ ನಡೆದು ಹೋಗಲಿ. ಇದಕ್ಕೆ ಪ್ಯಾಕೇಜು ಬೇಕಿಲ್ಲ, ಸಾಲ ಬೇಕಿಲ್ಲ.

ಆ ಹುಡುಗಿಯ ಮನೆಯಿಂದ ಹೊರಡುವಾಗ ತೆಹಮೀನಾರ ಮರಕುಟಿಗದ ಕತೆ ಹೇಳಿದೆವು. ಹಿರಿಯರು ಗಮನವಿಟ್ಟು ಕೇಳಿದರು. ಕೊನೆಗೆ, “ಆ ಕಾಲದಲ್ಲೇ ಡೇರೆಯಲ್ಲಿದ್ದರಾ?” ಎಂದು ಇನ್ನೊಮ್ಮೆ ಕೇಳಿದರು. ಹೌದೆಂದೆವು. ಅವರು ಮಾತಾಡಲಿಲ್ಲ. ಗೇಟಿನ ತನಕ ಬಂದ ಅವಳು ಮಾತ್ರ ಎದುರು ಮನೆಯ ತೆಂಗಿನ ಮರದ ಕಡೆ ಕೈ ತೋರಿಸಿ, ಬೆಳಿಗ್ಗೆ ಆರೂವರೆಗೆ ಅಲ್ಲೊಂದು ಮರಕುಟಿಗ ಬರುತ್ತದೆ, ಅಡುಗೆಮನೆಯ ಕಿಟಕಿಯಿಂದ ದಿನಾ ನೋಡುತ್ತೇನೆ ಎಂದಳು.

ನಾಲ್ಕು ವರ್ಷ ದುರ್ಬೀನಿಲ್ಲದೆ, ಕಿಟಕಿಯ ಸರಳುಗಳ ನಡುವಿನಿಂದ. ಅವಳ ಹುಚ್ಚು ಎಲ್ಲಿಗೂ ಹೋಗಿಲ್ಲ. ಕಪಾಟಿನಿಂದ ಆ ದುರ್ಬೀನನ್ನು ಇಳಿಸಿ ಅವಳ ಕೈಗೆ ಕೊಡುವ ಕೆಲಸವೊಂದು ಬಾಕಿಯಿದೆ. ಅದನ್ನು ಕಪಾಟಿಗೆ ಏರಿಸಿದವರು ನಾವು; ಇಳಿಸಬೇಕಾದವರೂ ನಾವೇ.